ಎರಡು ತುದಿ

ಕೂದಲಿನ ಡಿಎನ್‌ಎ ನಕಲು ಮಾಡಿ ಸತ್ತವರ ಮಾತು ಕೇಳಿಸುವ ಲ್ಯಾಬಿನಲ್ಲಿ ಬೆಳಗಿನಿಂದ ಕೂತು ಕೂತು ವಾರಿಜಾಳ ಸೊಂಟ ಹಿಡಿದಿತ್ತು. ಇಪ್ಪತ್ತಾರನೆಯವರಾಗಿ ನರಹರಯ್ಯ ಎಂಬ ಮುದುಕರು ಹೆಂಡತಿಯ ಕೂದಲಿನ ಪೊಟ್ಟಣ ಮುಂದಿಟ್ಟರು.

“ಅವರ ಮಾತಿನ ಮೊದಲೂ ಕೊನೇನೂ ಹೇಳಿ ಸಾರ್. ಎರಡೂ ತುದಿ ಗೊತ್ತಿದ್ರೇನೇ ಮಷಿನ್ನು ಬಿಸಿಯಾಗಿ, ತಣ್ಣಗಾಗಿ, ನಡುವಿಂದನ್ನ ಕಾಪಿ ಮಾಡೋದು,” ಎಂದು ವಾರಿಜಾ ಪಾಠ ಒಪ್ಪಿಸಿದಳು.

“ಮೊದಲು ‘ಏನೂಂದ್ರೆ’ ಅಂದ್ಲು.”

“ಕೊನೇಗೆ?”

“‘ಆಮೇಲೆ ಹೇಳೀಯಂತೆ’ ಅಂತ ನಾನು ಎದ್ದು ಹೋಗ್ಬಿಟ್ಟೆ ಕಣಮ್ಮ. ಬೆನ್ನ ಹಿಂದೆ ಏನೋ ಅಂದ್ಲು. ಅದನ್ನ ಕೇಳೋಕೇ ಬಂದಿರೋದು.”

ವಾರಿಜಾ ಪೊಟ್ಟಣವನ್ನು ಮೆಲ್ಲಗೆ ಮಡಿಸಿ ಅವರ ಕೈಗೇ ಇಟ್ಟಳು. ಮಿಕ್ಕ ಇಪ್ಪತ್ತೈದು ಮಂದಿಯೂ ಬಂದದ್ದು ಅದಕ್ಕೇ. ಬೆಳಗಿನಿಂದ ಮಷಿನ್ನು ಒಮ್ಮೆಯೂ ಬಿಸಿಯಾಗಿರಲಿಲ್ಲ.