ಮೇಜಿನ ಸೆರಗು

ದುಂಡು ಮೇಜಿನ ಬಟ್ಟೆಯ ಅಂಚಿಗೆ ಕೊನೆಯ ಹೊಲಿಗೆ ಹಾಕಿ ಕುಮುದಿನಿ ದಾರವನ್ನು ಹಲ್ಲಿನಿಂದ ಕಡಿಯುವುದಕ್ಕೂ, ವಾಗದರಿ ಹಳ್ಳಿಯಿಂದ ಬಂದ ಮಾವ ಭೀಮಶಾ ಸೋಲಾಪುರದಲ್ಲಿದ್ದ ಮಗನ ಮನೆಯ ಹೊಸ್ತಿಲು ದಾಟುವುದಕ್ಕೂ ಸರಿಹೋಯಿತು. ದುಂಡಗಿನ ಅಂಚು ಮಡಚಿದಲ್ಲೆಲ್ಲ ಸುಕ್ಕಾಗುತ್ತದೆಂದು, ಮೇಜಿನ ಮೇಲೆ ಹರಡಿದ್ದ ಬಟ್ಟೆಯನ್ನು ಮಡಿಲಿಗೆಳೆದುಕೊಂಡು ಅವಳು ಬೆಳಗಿನಿಂದ ಕೈಯಲ್ಲೇ ನಿಧಾನವಾಗಿ ಹೊಲಿಯುತ್ತಿದ್ದಳು.

ಶಹರದ ಸೊಸೆ ಹಿರಿಯರೆದುರು ತಲೆಯ ಮೇಲೆ ಸೆರಗು ಹೊದೆಯುವುದಿಲ್ಲವೆಂದು ಅತ್ತೆ ಊರೆಲ್ಲ ಸಾರಿದ್ದರು. ಇವತ್ತಾದರೂ ಆ ಮಾತು ಸುಳ್ಳಾಗಲಿ ಎಂದು ಕುಮುದಿನಿ ದಡಕ್ಕನೆ ಎದ್ದು ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು. ಅದರ ಹಿಂದೆಯೇ ಮೇಜಿನ ಬಟ್ಟೆಯೂ ಸರ್ರನೆ ಎದ್ದು ಬಂದು ಅವಳನ್ನು ಮೂಗಿನ ತನಕ ಮುಚ್ಚಿತು. ಅಂಚಿನ ಜೊತೆ ತನ್ನ ಸೆರಗನ್ನೂ ಸೇರಿಸಿ ಹೊಲಿದುಬಿಟ್ಟಿದ್ದಳು!

ಭೀಮಶಾ ರುಮಾಲು ಸರಿಪಡಿಸಿಕೊಂಡು, ಒಳಗಿದ್ದ ಮಗನನ್ನು ಕೂಗಿದರು: "ನಾಗೇಶಾ, ಊರಿಗೆ ಫೋನ್ ಹಚ್ಚಿ ನಿಮ್ಮವ್ವಗ ಹೇಳೋ! ಸೊಸಿ ತನ್ನ ಸೆರಗ ಅಷ್ಟ ಅಲ್ಲ, ಮೇಜಿನ ಸೆರಗೂ ತಲಿ ಮ್ಯಾಲ ಹೊತ್ತಾಳ!"