ಘಟ್ಟದ ತಿರುವಿನ ಗೂಡ್ಸ್ ರೈಲು

"ಕ್ಯಾಮೆರಾ ಕೊಡ್ರಿ ಇಲ್ಲಿ!" ಎಂದು ಗಾದ್ರಪ್ಪ ಅಪರಿಚಿತನ ರಟ್ಟೆ ಹಿಡಿದ. ಕಾಲ ಎಮರ್ಜೆನ್ಸಿಯದು. ಬಿಳಿಚೋಡಿನಿಂದ ಬಂದು ಘಟ್ಟದ ಹಳಿ ಕಾಯುತ್ತಿದ್ದ ಅವನಿಗೆ, ಸೇತುವೆಯ ಬಳಿ ಫೋಟೊ ತೆಗೆಯುವವರನ್ನು ಬಿಡಬಾರದೆಂದು ಕಟ್ಟಪ್ಪಣೆಯಿತ್ತು.

"ನಾನು ಹೊನ್ನಾಳಿಯವನ್ರೀ. ಗೂಡ್ಸ್ ರೈಲಿನ ಫೋಟೊ ತೆಗೆಯೋದು ನನಗೊಂದು ಹುಚ್ಚು."

"ಅದಿರು ಹೊರೋ ಗಾಡಿ ನೋಡಾಕೆ ಅಲ್ಲಿಂದ ಬಂದ್ರಾ? ಯಾರ ಕಿವಿ ಮೇಲೆ ಹೂ ಇಡ್ತೀರಿ?"

ಅಷ್ಟರಲ್ಲಿ ಎದುರು ಗುಡ್ಡದಿಂದ ಗೂಡ್ಸ್ ರೈಲು ಇಳಿಯತೊಡಗಿತು. ರಟ್ಟೆ ಬಿಡಿಸಿಕೊಂಡು, ದೂರದ್ದನ್ನು ಹತ್ತಿರ ತೋರಿಸುವ ಉದ್ದ ಲೆನ್ಸಿನ ಕ್ಯಾಮೆರಾಕ್ಕೆ ಕಣ್ಣಿಟ್ಟ ಆತ ಚೀರಿದ: "ಕೆಂಪು ಬಾವುಟ ತೋರಿಸ್ರಿ! ಗಾಡಿ ನಿಲ್ಲಿಸ್ರಿ!"

ಗಾದ್ರಪ್ಪ ಹಿಂದೆ ಸರಿದ. ಕಾಡಿನ ನಡುವೆ ಗಾಡಿ ನಿಲ್ಲಿಸುವುದೇ ಇವನ ಸಂಚು! ಬಾವುಟವನ್ನು ಕಂಕುಳಲ್ಲಿ ಬಿಗಿಯಾಗಿ ಅವುಚಿಕೊಂಡ. ಆತ ಕೊರಳಿನ ಕ್ಯಾಮೆರಾ ತೆಗೆದು ಗಾದ್ರಪ್ಪನ ಕೈಯಲ್ಲೇ ಇಟ್ಟ. "ನೀವೇ ನೋಡ್ರಿ."

ಗಾದ್ರಪ್ಪ ಕಣ್ಣಿಟ್ಟು ನೋಡಿದರೆ, ನಡುವಿನ ಡಬ್ಬಿಯೊಂದರ ಚಕ್ರ ಬೆಂಕಿ ಉಗುಳುತ್ತಿತ್ತು. ಗಾದ್ರಪ್ಪ ಕ್ಯಾಮೆರಾವನ್ನು ಅವನ ಕೈಗೆ ತುರುಕಿ, ಬಾವುಟ ಬೀಸುತ್ತ ಹಳಿಗುಂಟ ಓಡಿದ. ರೈಲು ಸೇತುವೆಗೆ ಮುಂಚೆಯೇ ಕಿರುಗುಟ್ಟುತ್ತ ನಿಂತಿತು. ಡ್ರೈವರು ಇಳಿದು ಮಣ್ಣೆರಚಿ ಬೆಂಕಿ ಆರಿಸಿದರು.

ಏದುಸಿರು ಬಿಡುತ್ತ ಹಿಂದಿರುಗಿದ ಗಾದ್ರಪ್ಪನಿಗೆ ಆತನ ಮುಖ ನೋಡಲು ಸಂಕೋಚವಾಯಿತು. ಮರದ ಬುಡದಲ್ಲಿಟ್ಟಿದ್ದ ಬುತ್ತಿ ಬಿಚ್ಚುತ್ತ ಕೇಳಿದ:

"ಊಟ ಆಗೇತೇನ್ರೀ? ರೊಟ್ಟಿ ಐತೆ, ಬರ್ರಿ."