ಸೊಟ್ಟ ಕಾಲರು

ತೀರಿಕೊಂಡವರೆಲ್ಲರಂತೆ ಟೇಲರ್ ದಾವಲಸಾಬರೂ ಈಗ ಕಂಪ್ಯೂಟರಿನಲ್ಲಿದ್ದರು. ಅಂಗಡಿಯ ಆ ಹಳೆಯ ಪೆಟ್ಟಿಗೆಯಲ್ಲಿ ಅವರ ಅಪ್‌ಡೇಟು ಮೂರು ಸಲವೂ ಅರ್ಧಕ್ಕೇ ನಿಂತಿತು.

"ಜಾಗಾ ಇಲ್ರಿ ಅಕ್ಕಾರ. ಏನರ ಅಳಸ್ರಿ, ಇಲ್ಲಾಂದ್ರ ಮಾಸ್ತರ ನಾಳೆಯಿಂದ ಮಾತಾಡೂದಿಲ್ಲ," ಎಂದ ರಿಪೇರಿಯವನು.

ಹೆಚ್ಚು ಜಾಗ ತಿಂದಿದ್ದು ಮಾಸ್ತರರ ಬೈಗುಳಗಳೇ. ಶಿಷ್ಯೆ ಕಸ್ತೂರಿ ಅವನ್ನೆಲ್ಲ ಅಳಿಸಿದಳು. ಅಪ್‌ಡೇಟು ಸಲೀಸಾಗಿ ಮುಗಿಯಿತು.

ಅಂದಿನಿಂದ ಏನು ತೋರಿಸಿದರೂ ಮಾಸ್ತರರು ಹೊಗಳುತ್ತಾರೆ. ಇವತ್ತು ಅವಳು ಬೇಕೆಂದೇ ಸೊಟ್ಟಗೆ ಹೊಲಿದ ಕಾಲರನ್ನು ಕ್ಯಾಮೆರಾದ ಮುಂದೆ ಹಿಡಿದಳು.

"ಭಾಳ ಚಲೋ ಆಗೇತಿ, ಬೇಟಿ."

"ಸರಿಯಾಗಿ ನೋಡ್ರಿ, ಮಾಸ್ತರ."

"ನೋಡೀನಿ. ಭಾಳ ಚಲೋ ಆಗೇತಿ."

ಕಸ್ತೂರಿ ಕತ್ತರಿಯ ಮೊನೆಯಿಂದ ಒಂದೊಂದೇ ಹೊಲಿಗೆ ಬಿಚ್ಚತೊಡಗಿದಳು. "ಕಣ್ಣ ಎಲ್ಲಿಟ್ಟಿದ್ದಿ? ಬಿಚ್ಚು!" ಎಂದು ತನಗೆ ತಾನೇ ಬೈದುಕೊಂಡಳು. ಅವರ ಹಾಗೆ ಬೈಯಲು ಅವಳಿಗೆ ಬರಲಿಲ್ಲ.